ಅತ್ತಿಯೂ ನನ್ನ ಏಜೆಂಟೂ ಒಂದೇ ವರನನ್ನು ವಿಚಾರಿಸಿದ ವರ್ಷ

ನಾನು ಮಾಡುವ ಕೆಲಸ ಏನೆಂದು ಹಾನಗಲ್ಲಿನಲ್ಲಿ ಕೂತು ವಿವರಿಸುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಕಂಪ್ಯೂಟರ್ ಕೆಲಸ ಅಂದರೆ ಓಣಿಯವರು ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಿಸಿಕೊಳ್ಳಲು ಬಂದು ನಿಲ್ಲುತ್ತಿದ್ದರು. ಮನೆಯಲ್ಲಿ ಕೂತೇ ಮಾಡುತ್ತೇನೆ ಅಂದರೆ ಕೆಲಸ ಇಲ್ಲ ಅಂತಲೇ ಲೆಕ್ಕ. ಹೀಗಾಗಿ ಯಾರಾದರೂ ಕೇಳಿದರೆ "ನಡದೈತ್ರಿ ಏನೋ ಒಂದು" ಎಂದು ಮಾತು ಹಾರಿಸುತ್ತಿದ್ದೆ. ಪೂರ್ತಿ ಕೇಳಿಸಿಕೊಂಡವಳು ಒಬ್ಬಳೇ, ನನ್ನ ಅತ್ತಿ, ಅಪ್ಪನ ಅಕ್ಕ. ಕೇಳಿಸಿಕೊಂಡಳು ಅನ್ನುವುದಕ್ಕಿಂತ ಹೇಳುವ ತನಕ ನನ್ನ ಬೆನ್ನು ಬಿಡಲಿಲ್ಲ ಅನ್ನುವುದೇ ಸರಿ.

ಅತ್ತಿ ಈಗಿಲ್ಲ. ಆಗ ನಾನು ಕಟ್ಟಿದ ಕಂಪ್ಯೂಟರ್ ಏಜೆಂಟು ಇನ್ನೂ ಇದೆ, ಬೆಳೆದಿದೆ, ಅದನ್ನೀಗ ನನಗಿಂತ ಚಿಕ್ಕವರು ನೋಡಿಕೊಳ್ಳುತ್ತಾರೆ. ಆದರೆ ಅದನ್ನು ತೆರೆದಾಗಲೆಲ್ಲ ನನಗೆ ಅದನ್ನು ಕಟ್ಟಿದ ವರ್ಷವೇ ನೆನಪಾಗುತ್ತದೆ, ಅತ್ತಿ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದ ವರ್ಷ. ಆ ವರ್ಷ ಇನ್ನೊಮ್ಮೆ ಸಿಕ್ಕರೆ ಸಾಕು ಅನ್ನಿಸುತ್ತದೆ.

ನನ್ನ ಗಂಡನ ಮನೆ ತವರಿನಿಂದ ಎರಡು ಓಣಿ ಆಚೆ. ಆದರೆ ಇಂಟರ್ನೆಟ್ಟಿನ ಕೇಬಲ್ಲು ತವರಿನ ಓಣಿಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಲ್ಯಾಪ್‌ಟಾಪನ್ನು ಬಗಲಿಗೇರಿಸಿ ಅಪ್ಪನ ಮನೆಯ ಪಡಸಾಲೆಗೆ ಹೋಗುತ್ತಿದ್ದೆ. ನಾನು ದಿನಾ ತವರಿಗೆ ಓಡುವುದನ್ನು ನೋಡಿ ನೆರೆಯವರಿಗೆ ಗಂಡ ಹೆಂಡಿರ ನಡುವೆ ಏನೋ ಇದೆ ಎಂದು ಬಲವಾದ ಗುಮಾನಿ ಇತ್ತು. ಇದ್ದರೆ ಇರಲಿ ಎಂದು ನಾವಿಬ್ಬರೂ ಸುಮ್ಮನಿದ್ದೆವು.

ದೂರದ ಕಂಪನಿಯೊಂದು ನನಗೆ ಕೊಟ್ಟ ಕೆಲಸ ಇಷ್ಟು. ಬ್ಲಾಕ್‌ಚೈನ್ ಅಂದರೆ ಯಾರು ಬೇಕಾದರೂ ಓದಬಹುದಾದ, ಯಾರೂ ಅಳಿಸಲು ಬಾರದ ಒಂದು ದೊಡ್ಡ ಲೆಕ್ಕ. ಅದರ ಮೇಲೆ ಯಾರು ಬೇಕಾದರೂ ತಮ್ಮದೇ ಒಂದು ನಾಣ್ಯ ಹುಟ್ಟಿಸಬಹುದು, ಅದಕ್ಕೆ ಟೋಕನ್ ಅನ್ನುತ್ತಾರೆ. ಹುಟ್ಟಿಸಲು ಒಂದು ಮಧ್ಯಾಹ್ನ ಸಾಕು. ಕೊಂಡವರು ಅದನ್ನು ವ್ಯಾಲೆಟ್ ಎಂಬ ಖಾತೆಯಲ್ಲಿ ಇಟ್ಟುಕೊಳ್ಳುತ್ತಾರೆ. ಲೆಕ್ಕವೆಲ್ಲ ಬಯಲಲ್ಲೇ ಇದ್ದರೂ ಸಾಮಾನ್ಯರಿಗೆ ಅದನ್ನು ಓದಲು ಬರುವುದಿಲ್ಲ, ಬರೀ ಅಂಕಿಗಳ ಕಾಡು. ನಾನು ಕಟ್ಟಬೇಕಿದ್ದದ್ದು ಒಂದು ಎಐ ಏಜೆಂಟು. ಈ ಟೋಕನ್ ಹುಟ್ಟಿಸಿದವರು ಯಾರು, ಯಾರ ಕೈಯಲ್ಲಿ ಎಷ್ಟಿದೆ ಎಂದು ನೀವು ಸಾದಾ ಕನ್ನಡದಲ್ಲಿ ಕೇಳಿದರೆ, ಎಲ್ಲಿ ಹೋಗಿ ನೋಡಬೇಕೆಂದು ಅದು ತಾನೇ ತೀರ್ಮಾನಿಸಿ, ನೋಡಿಕೊಂಡು ಬಂದು, ಸಾದಾ ಕನ್ನಡದಲ್ಲೇ ಹೇಳಬೇಕು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅತ್ತಿಯ ಮೊರದಲ್ಲಿ ಶೇಂಗಾ ಕಾಳು ಅರ್ಧ ತುಂಬಿತ್ತು. ಅವಳು ಸಿಪ್ಪೆ ಊದಿ ಹಾರಿಸಿ, "ಅಂದ್ರ ನಾ ಮಾಡೂ ಕೆಲಸಾನ ನೀ ಅದಕ್ಕ ಕಲಸಾಕತ್ತಿ," ಅಂದಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅತ್ತಿ ಮದುವೆ ಆಗಿರಲಿಲ್ಲ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ಅಜ್ಜನ ಮನೆಯಲ್ಲೇ ಇದ್ದವಳು, ನಮ್ಮ ಅವ್ವ ತೀರಿಕೊಂಡ ಮೇಲೆ ಹಾನಗಲ್ಲಿಗೆ ಬಂದು ನನ್ನನ್ನೂ ತಂಗಿಯನ್ನೂ ಬೆಳೆಸಿದಳು. ತನ್ನ ಮದುವೆ ಆಗದಿದ್ದರೂ ಊರವರ ಮದುವೆ ಅವಳಿಲ್ಲದೆ ಆಗುತ್ತಿರಲಿಲ್ಲ. ಬಳಗದಲ್ಲಿ ಯಾರಿಗೆ ಸಂಬಂಧ ಬಂದರೂ ವರನ ಊರಿಗೆ ಹೋಗಿ ಮನೆತನ ವಿಚಾರಿಸಿಕೊಂಡು ಬರುವುದು ಅತ್ತಿಯ ಪಾಲಿಗೆ ಬರುತ್ತಿತ್ತು. ಅವಳ ರೀತಿಯೇ ಬೇರೆ. ವರನ ಹೆಸರನ್ನು ಬಾಯಲ್ಲಿ ಎತ್ತುತ್ತಿರಲಿಲ್ಲ. ಹಿಟ್ಟಿನ ಗಿರಣಿ ಮುಂದೆ ಕೂತು, ಅವರ ಪಕ್ಕದ ಮನೆಯವರು ಹೇಗೆ ಎಂದು ಕೇಳುತ್ತಿದ್ದಳು. ಪಕ್ಕದ ಮನೆಯವರ ಗುಣಗಾನ ಮಾಡುತ್ತ ಜನ ತಾವಾಗಿಯೇ ಈ ಮನೆಯ ಹುಳುಕನ್ನೂ ಹೇಳಿಬಿಡುತ್ತಿದ್ದರು. ನನ್ನ ಮದುವೆಯಲ್ಲಂತೂ ಎರಡು ಓಣಿ ಆಚೆಯ ಮನೆಗೆ, ದಿನಾ ಕಿಟಕಿಯಿಂದ ಕಾಣುವ ಹುಡುಗನಿಗೆ, ಅವಳು ಊರೆಲ್ಲ ಸುತ್ತಿ ವಿಚಾರಿಸಿ ಬಂದಿದ್ದಳು.

ಮನೆತನ ಒಪ್ಪಿಗೆಯಾದರೆ ಮಾತು ಮುಂದುವರಿಯುತ್ತಿತ್ತು. ಆಗದಿದ್ದರೆ ನಮ್ಮ ಕಡೆ ಕಳಿಸುವ ಮಾತು ಒಂದೇ: "ಕೂಡಾವಳಿ ಆಗಲಿಲ್ರಿ." ಜಾತಕ ಹೊಂದಿ ಬರಲಿಲ್ಲ ಎಂದರ್ಥ. ವರ ಕುಡಿಯುತ್ತಿರಲಿ, ವಧುವಿನ ಕಾಲು ಸೊಟ್ಟಗಿರಲಿ, ಅತ್ತೆಯಾಗುವವಳು ಬಜಾರಿಯಾಗಿರಲಿ, ಹೋಗುವುದು ಇದೇ ಮಾತು. ಯಾರಿಗೂ ನೋವಾಗುವುದಿಲ್ಲ, ದೋಷವೆಲ್ಲ ಗ್ರಹಗಳ ತಲೆಗೆ. ಕೇಳಿಸಿಕೊಂಡವರೂ ಯಾಕೆ ಅಂತ ಮರಳಿ ಕೇಳುವಂತಿಲ್ಲ, ಹಾಗೆ ಕೇಳಿದರೆ ನಡತೆ ಗೊತ್ತಿಲ್ಲದವರು ಅನ್ನುತ್ತಾರೆ.

ಏಜೆಂಟು ಮೊದಲ ತಿಂಗಳುಗಳಲ್ಲಿ ನನ್ನನ್ನು ಸಾಕುಬೇಕು ಮಾಡಿತು. ಕೇಳಿದ್ದಕ್ಕೆಲ್ಲ ಅದಕ್ಕೆ ಉತ್ತರ ಗೊತ್ತು. ಹುಟ್ಟಿಯೇ ಇರದ ಟೋಕನ್ ಒಂದರ ಹೆಸರು ಕಟ್ಟಿ ಕೇಳಿದೆ. ಅದರ ದರವನ್ನೂ, ಹುಟ್ಟಿಸಿದವರ ಉದ್ದೇಶವನ್ನೂ, ಮುಂದಿನ ಭವಿಷ್ಯವನ್ನೂ ಚಂದ ಮಾಡಿ ಹೇಳಿತು. ಆ ಸೌಜನ್ಯ ನೋಡಿದರೆ ಮೈ ಉರಿಯುತ್ತಿತ್ತು. ಅತ್ತಿಗೆ ಓದಿ ಹೇಳಿದಾಗ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

"ಗಿರಣ್ಯಾಗ ಇಂಥವ್ರು ಇರ್ತಾರ ನೋಡು. ಹೊಸಬ್ರು ಕೇಳಾಕ ಬಂದಾರ, ಖಾಲಿ ಕೈಲೆ ಹ್ಯಾಂಗ ಕಳಸೂದು ಅಂತ ಏನರ ಒಂದು ಹೇಳಿ ಕಳಸ್ತಾರ. ಅವ್ರ ಮಾತಿಗೆ ಬಿದ್ದು ಒಂದೆರಡು ಮನಿ ಕೆಡಸೇನಿ ನಾನು."

"ಹಂಗಾದ್ರ ಏನ ಮಾಡ್ಲಿ ಇದಕ್ಕ?"

"ಗೊತ್ತಿಲ್ಲ ಅನ್ನೂದನ್ನ ಮೊದಲ ಕಲಸು. ಉಳದದ್ದು ಆಮ್ಯಾಲೆ."

ಅದನ್ನು ಕಲಿಸಲು ಒಂದಿಡೀ ಬೇಸಿಗೆ ಹಿಡಿಯಿತು. ನೋಡಿಕೊಂಡು ಬಂದದ್ದನ್ನು ಮಾತ್ರ ಹೇಳು, ಸಿಗದಿದ್ದರೆ ಸಿಗಲಿಲ್ಲ ಅನ್ನು ಎಂದು ನಾನು ಬಗೆಬಗೆಯಾಗಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದು ದಿನ ಅದು "ಈ ಟೋಕನ್ ಬಗ್ಗೆ ನನಗೆ ಮಾಹಿತಿ ಸಿಗಲಿಲ್ಲ" ಎಂದು ಮೊದಲ ಸಲ ಉತ್ತರಿಸಿದಾಗ, ಅತ್ತಿ ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಆ ಸುಖವನ್ನು ಆಮೇಲೆ ಯಾವ ಕೆಲಸದಲ್ಲೂ ನಾನು ಕಾಣಲಿಲ್ಲ.

ಅದೇ ಹೊತ್ತಿಗೆ ತಂಗಿಗೆ ಒಂದು ಸಂಬಂಧ ಬಂತು. ಅವಳು ಸವಣೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು, ವಾರವೆಲ್ಲ ಅಲ್ಲೇ ರೂಮು ಮಾಡಿಕೊಂಡಿದ್ದು ಶನಿವಾರ ಅತ್ತಿಗೆ ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ಬರುತ್ತಿದ್ದಳು. ಹುಡುಗ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯವನು. ಶಿಗ್ಗಾವಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಹೊಲದ ಬೋರಿನ ಮೋಟರು ಸುಟ್ಟರೆ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡುವ ಕೆಲಸ. ಆದರೆ ಅವನ ಬಯೋಡಾಟಾದಲ್ಲಿ ವೈಂಡಿಂಗ್ ಅನ್ನುವುದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿತ್ತು. ಮೇಲೆ, ಬೇರೆಯವರು ಹೊಲ ಎಷ್ಟೆಕರೆ ಎಂದು ಬರೆಯುವ ಜಾಗದಲ್ಲಿ, ಡಿಜಿಟಲ್ ಆಸ್ತಿ ಎಂದು ಬರೆದು ಒಂದು ಟೋಕನ್ನಿನ ಹೆಸರನ್ನೂ ತನ್ನ ವ್ಯಾಲೆಟ್ಟಿನ ಉದ್ದನೆಯ ವಿಳಾಸವನ್ನೂ ಕೊಟ್ಟಿದ್ದ. ಪಕ್ಕದಲ್ಲಿ "ಯಾರು ಬೇಕಾದರೂ ಪರಿಶೀಲಿಸಬಹುದು" ಎಂಬ ಟಿಪ್ಪಣಿ ಬೇರೆ.

ಅಪ್ಪ ನಿವೃತ್ತ ತಲಾಟಿ, ಊರ ಜಮೀನಿನ ಲೆಕ್ಕ ಬರೆಯುವವನು. ಜೀವಮಾನವೆಲ್ಲ ಹೊಲದ ಉತಾರ, ಅಂದರೆ ಪಹಣಿ, ಬರೆದು, ಉತಾರ ಓದಿ ಬದುಕಿದವನು. ಆ ವಿಳಾಸದ ಸಾಲು ನೋಡಿದ್ದೇ ಅವನ ಮುಖ ಅರಳಿತು.

"ಇದು ಅಂವನ ಉತಾರ ಇದ್ದಂಗ. ಹುಡುಗ ಚೊಕ್ಕ ಅದಾನ. ಉತಾರ ಬಯೋಡಾಟಾಕ್ಕ ಹಚ್ಚಿ ಕೊಡಾವ್ರು ಈಗಿನ ಕಾಲದಾಗ ಯಾರದಾರ? ನಿನ್ನ ಏಜೆಂಟಗ ಕೇಳು."

ಕೇಳಿದೆ. ಏಜೆಂಟು ಹೋಗಿ ನೋಡಿಕೊಂಡು ಬಂದು, ಈ ವ್ಯಾಲೆಟ್ಟಿನಲ್ಲಿ ಆ ಟೋಕನ್ ಇಷ್ಟಿದೆ, ಇವತ್ತಿನ ದರದಲ್ಲಿ ಅದರ ಬೆಲೆ ಇಷ್ಟು, ದರ ತಿಂಗಳುಗಳಿಂದ ಏರುತ್ತಲೇ ಇದೆ ಅಂದಿತು. ಅಪ್ಪ ಅದನ್ನು ರೂಪಾಯಿಗೆ ತಿರುಗಿಸಿ, ರೂಪಾಯಿಯನ್ನು ಎಕರೆಗೆ ತಿರುಗಿಸಿ, ನೀರಾವರಿ ಹೊಲವೋ ಖುಷ್ಕಿಯೋ ಎಂದು ವಿಂಗಡಿಸಿ, ಸಂಜೆ ತನಕ ಪಡಸಾಲೆಯಲ್ಲಿ ಓಡಾಡಿದ. ಉತಾರದಲ್ಲಿ ಹೆಸರಿದ್ದರೆ ಹೊಲ ಅವನದು, ಹೊಲ ಅವನದಾದರೆ ಬೇಕಾದಾಗ ಮಾರಬಹುದು. ಇದರಾಚೆಗೆ ಕೇಳುವುದು ಇನ್ನೇನಿದೆ ಎಂದು ಅಪ್ಪನಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಅತ್ತಿ ತನ್ನ ದಾರಿಯಲ್ಲಿ ಹೊರಟಳು. ಹಿರೇಬೆಂಡಿಗೇರಿಯಲ್ಲಿ ಅರ್ಧ ದಿನ, ಶಿಗ್ಗಾವಿಯಲ್ಲಿ ಅರ್ಧ ದಿನ ಕೂತು ಬಂದಳು. ತಂದ ಸುದ್ದಿ ಚೊಕ್ಕವಾಗಿತ್ತು. ತಂದೆ ಇಲ್ಲದ ಹುಡುಗ, ತಾಯಿ ಮಾತಿನಲ್ಲಿ ಮೆತ್ತಗೆ, ಮನೆ ಜವಾಬ್ದಾರಿಯೆಲ್ಲ ಸೋದರಮಾವನ ಮೇಲೆ. ಅವನು ಸುತ್ತಿದ ಮೋಟರು ಸುಡುವುದಿಲ್ಲ ಎಂದು ಬಸ್ ನಿಲ್ದಾಣದ ಚಹಾದಂಗಡಿಯವರೂ ಹೇಳಿದರಂತೆ. ಟೋಕನ್ನಿನ ಸುದ್ದಿ ಅಲ್ಲಿ ಯಾರೂ ಎತ್ತಿರಲಿಲ್ಲ.

ಕನ್ಯೆ ನೋಡಲು ಅವರು ಬಂದ ದಿನ ಅವನು ಅವಲಕ್ಕಿಯ ತಟ್ಟೆ ಹಿಡಿದುಕೊಂಡು ತಂಗಿಯನ್ನು ನೋಡುವ ಬದಲು ತಲೆ ಎತ್ತಿ ಮಾಳಿಗೆ ನೋಡುತ್ತಿದ್ದ. ತಂಗಿಯೇ ತಡೆಯಲಾರದೆ ಕೇಳಿದಳು, "ಮ್ಯಾಲೆ ಏನೈತ್ರಿ?"

"ಫ್ಯಾನು ಗುಂಯ್ ಅನ್ನಾಕತ್ತೈತ್ರಿ. ಕೆಪಾಸಿಟರ್ ಹೋಗಿರಬೇಕು," ಅಂದ.

ಅವಳು ಗೊಳ್ಳೆಂದು ನಕ್ಕಳು, ಅವನೂ ನಕ್ಕ. ಆ ವಾರ ಸವಣೂರಿನಿಂದ ಅವಳು ಮಾಡಿದ ಫೋನುಗಳಲ್ಲಿ ಎರಡು ಮಾತಿಗೊಮ್ಮೆ ಫ್ಯಾನಿನ ವಿಚಾರ ಬರುತ್ತಿತ್ತು. ಹಿಂದೆ ಬಂದ ಸಂಬಂಧಗಳನ್ನೆಲ್ಲ "ನೋಡ್ರಿ, ನಿಮಗ ಹ್ಯಾಂಗ ಅನಸ್ತೈತಿ ಹಂಗ" ಎಂದು ನಮ್ಮ ಮೇಲೆ ಹಾಕಿದವಳು ಈ ಸಲ ಹಾಗೆ ಅನ್ನಲಿಲ್ಲ. ನಮ್ಮ ಮನೆಯ ಹುಡುಗಿಗೆ ಒಬ್ಬ ಹಿಡಿಸಿದ್ದಾನೆ ಎಂದು ಎಲ್ಲರಿಗೂ ಗೊತ್ತಾಯಿತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಪ್ಪ ನಿಶ್ಚಯಕ್ಕೆ ಒಳ್ಳೆಯ ದಿನ ಹುಡುಕತೊಡಗಿದ.

ಆಗಲೇ ಕಂಪನಿಯವರು ಏಜೆಂಟಿಗೆ ಇನ್ನೊಂದು ಸಾಮರ್ಥ್ಯ ಸೇರಿಸಲು ಹೇಳಿದರು. ಒಂದು ಟೋಕನ್ ಹುಟ್ಟಿದಾಗಿನಿಂದ ಯಾರು ಕೊಂಡರು, ಯಾರು ಮಾರಿದರು ಎಂಬುದನ್ನು ತಂದು ಹೇಳಬೇಕು. ಕಟ್ಟಿ ಮುಗಿಸಿ, ಪರೀಕ್ಷೆಗೆಂದು ಕೈಗೆ ಸಿಕ್ಕ ಟೋಕನ್ ಹಾಕಿದೆ. ಕೈಗೆ ಸಿಕ್ಕದ್ದು ಹುಡುಗನ ಟೋಕನ್ನೇ. ಕೊಂಡವರು ನೂರಾರು ಜನ ಎಂದು ಬಂತು. ಮಾರಿದ್ದು ಒಂದೇ ವ್ಯಾಲೆಟ್, ಹುಟ್ಟಿಸಿದವನದು. ನನ್ನ ಕೋಡಿನಲ್ಲೇ ತಪ್ಪಿದೆ ಎಂದುಕೊಂಡು ಮಧ್ಯಾಹ್ನವೆಲ್ಲ ಹುಡುಕಿದೆ. ತಪ್ಪಿರಲಿಲ್ಲ. ಟೋಕನ್ನಿನೊಳಗೇ ಬರೆದಿಟ್ಟಿದ್ದರು, ಹುಟ್ಟಿಸಿದವನ ಹೊರತು ಯಾರೂ ಮಾರುವಂತಿಲ್ಲ ಎಂದು. ಒಳಗೆ ಹೋಗಲು ದಾರಿಯಿರುವ, ಹೊರಗೆ ಬರಲು ದಾರಿಯಿಲ್ಲದ ಇಲಿಬೋನು. ದರ ಏರುತ್ತಲೇ ಇದ್ದದ್ದು ಕೊಂಡವರಲ್ಲಿ ಯಾರಿಗೂ ಮಾರಲು ಬಾರದ್ದರಿಂದ.

ಅಪ್ಪನಿಗೆ ಹೇಳಿದೆ. ಅವನು ಬಹಳ ಹೊತ್ತು ಕನ್ನಡಕ ಒರೆಸಿದ.

"ಅಂದ್ರ ಉತಾರದಾಗ ಹೆಸರೈತಿ, ಹೊಲ ಇಲ್ಲ," ಅಂದ. ಆಮೇಲೆ, "ಅವ್ರಿಗೆ ಕೂಡಾವಳಿ ಆಗಲಿಲ್ಲ ಅಂತ ಹೇಳಿ ಕಳಸೂಣು," ಅಂದ.

ಅಂದು ಶನಿವಾರ. ತಂಗಿ ಎಲೆಯ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅವಳು ಕೇಳಿದ್ದು ಒಂದೇ ಮಾತು, "ಇದು ಬೋನು ಅಂತ ಅವ್ರಿಗೆ ಗೊತ್ತೈತೋ ಇಲ್ಲೋ?"

ಅವನ ವ್ಯಾಲೆಟ್ ತೆಗೆದು ನೋಡಿದೆ. ಮೊನ್ನೆ ಮೊನ್ನೆ ಇನ್ನಷ್ಟು ಕೊಂಡಿದ್ದ. ಗೊತ್ತಿದ್ದವನು ಮತ್ತೆ ಯಾಕೆ ಸುರಿಯುತ್ತಾನೆ? ಅವನಿಗೆ ಗೊತ್ತಿಲ್ಲ ಅಂದೆ.

"ಹಂಗಾದ್ರ ಹೇಳಬೇಕಲ್ಲ."

"ಅದು ನಮ್ಮ ಪದ್ಧತಿ ಅಲ್ಲ," ಅಂದ ಅಪ್ಪ. "ಬ್ಯಾಡಾದ ಮ್ಯಾಲೆ ಕಾರಣ ಹೇಳಿ ಒಬ್ರ ಮಾನ ತಗೀಬಾರ್ದು. ಹೌದಿಲ್ಲೋ ಅಕ್ಕಾ? ನೀ ಹೇಳು."

ಅಪ್ಪ ಅತ್ತಿಯ ಕಡೆ ತಿರುಗಿದ್ದು ಸಹಜವೇ. ಆ ಮಾತನ್ನು ಅವಳಷ್ಟು ಮನೆಗಳಿಗೆ ಹೊತ್ತು ಮುಟ್ಟಿಸಿದವರು ಯಾರೂ ಇರಲಿಲ್ಲ. ಅತ್ತಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ನನ್ನ ಜಾತಕ ಬರಸಿದ್ದು ನಮ್ಮಪ್ಪ," ಅಂದಳು. "ನಾ ಹುಟ್ಟಿದ ಹೊತ್ತು ಯಾರಿಗೂ ಗೊತ್ತಿರಲಿಲ್ಲ. ಸುಗ್ಗಿ ಕಾಲ, ಎಲ್ಲಾರೂ ಹೊಲದಾಗಿದ್ರು. ಅಂದಾಜಿಲೆ ಒಂದು ಹೊತ್ತು ಹೇಳಿ ಬರಸಿದ್ದ. ಚಲೋ ಹೊತ್ತ ನೋಡಿ ಬರಸಿದ್ದ, ಎಂಥಾ ಜಾತಕಕ್ಕೂ ಕೂಡೂ ಹಂಗ. ಆದ್ರೂ ಬಂದಾವ್ರೆಲ್ಲಾ ಕೂಡಾವಳಿ ಆಗಲಿಲ್ಲ ಅಂತನ ಹೇಳಿ ಕಳಸಿದ್ರು. ಹಂಗಾದ್ರ ಅದು ಜಾತಕ ಅಲ್ಲ ಅಂತ ನನಗ ಗೊತ್ತಾತು. ಏನು ಅಂತ ಗೊತ್ತಾಗಲಿಲ್ಲ. ನನ್ನ ಹಲ್ಲು ಇರಬೇಕು ಅನಕೊಂಡೆ. ಅವತ್ತಿನಿಂದ ಬಾಯಿ ಮುಚ್ಚಿ ನಗಾಕ ಕಲತೆ."

ಅವಳು ಸೆರಗು ಹಿಡಿದು ನಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಹಿಂದಿನವರ ನಾಚಿಕೆ ಎಂದುಕೊಂಡಿದ್ದೆ. ಅವಳ ಹಲ್ಲು ಒಂದಿಷ್ಟು ಮುಂದಿದ್ದವು, ಅಷ್ಟೆ, ಅದನ್ನು ಯಾರಾದರೂ ಗಮನಿಸಿದ್ದರೋ ಇಲ್ಲವೋ.

"ನಾಳೆ ಶಿಗ್ಗಾವಿಗೆ ಹೋಗಿ ಹೇಳಿ ಬರ್ತೇನಿ," ಅಂದಳು ಅತ್ತಿ. "ನೀನೂ ಬಾ. ಲೆಕ್ಕ ತೋರಸಾಕ ನೀ ಬೇಕು."

ಅಂಗಡಿ ಹೊಸ ವಾರ್ನಿಶ್ ವಾಸನೆಯಿಂದ ತುಂಬಿತ್ತು. ಹುಡುಗ ನಮ್ಮನ್ನು ನೋಡಿ ಗಾಬರಿಯಿಂದ ಎದ್ದು, "ಬರ್ರಿ ಅಮ್ಮಾರ, ಕುಂದರ್ರಿ," ಎಂದು ಸ್ಟೂಲು ಒರೆಸಿದ. ಅತ್ತಿ ಸುತ್ತಿ ಬಳಸಿ ಮಾತಾಡಲಿಲ್ಲ. ಜೀವನದಲ್ಲಿ ಮೊದಲ ಸಲ ನೇರವಾಗಿ ಮಾತಾಡಿದ್ದು ಅದೇ ಇರಬೇಕು.

"ತಮ್ಮಾ, ನೀ ತಗೊಂಡ ಟೋಕನ್ ಮಾರಾಕ ಬರೂದಿಲ್ಲ. ನಿನಗ ಮೋಸ ಆಗೇತಿ."

"ದಿನಾ ಏರಾಕತ್ತೈತ್ರಿ," ಎಂದು ಅವನು ನಕ್ಕ. ಫೋನು ತೆಗೆದು ಹಸಿರು ಗೆರೆ ತೋರಿಸಿದ.

ನಾನು ಲೆಕ್ಕ ತೋರಿಸಿದೆ. ಸ್ವಲ್ಪವೇ ಸ್ವಲ್ಪ ಮಾರಿ ನೋಡಿರಿ ಅಂದೆ. ಮಾರಲು ಒತ್ತಿದ, ಆಗಲಿಲ್ಲ. ಇನ್ನೂ ಕಡಿಮೆ ಮಾಡಿ ಒತ್ತಿದ, ಆಗಲಿಲ್ಲ. ತಂತಿಯ ಎಣ್ಣೆ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಅವನ ಮುಖ ಬಿಳಿಚುತ್ತ ಹೋದದ್ದನ್ನು ನೋಡಲಾಗದೆ ನಾನು ಗೋಡೆಗೆ ತೂಗುಹಾಕಿದ್ದ ತಾಮ್ರದ ಸುರುಳಿಗಳನ್ನು ನೋಡುತ್ತ ಕೂತೆ.

ಕೊನೆಗೆ ಅವನು ಹುಲಗೂರಿನ ಗೆಳೆಯನೊಬ್ಬನಿಗೆ ಫೋನು ಮಾಡಿದ. ನಮ್ಮೆದುರೇ ಮಾತಾಡಿದ. "ತಗೋಬ್ಯಾಡಪಾ ಅದನ್ನ. ನಾ ನಿನಗ ಹೇಳಿದ್ದು ತಪ್ಪಾತು. ಹೌದು, ನಂದೂ ಹೋತು." ಆಮೇಲೆ ನಮಗೆ ಚಹಾ ತರಿಸಿದ, ತಾನು ಕುಡಿಯಲಿಲ್ಲ. ಹೊರಡುವಾಗ, "ಹೇಳದಿದ್ರೂ ನಡೀತಿತ್ತಲ್ರಿ ನಿಮಗ," ಅಂದ.

"ನಡೀತಿತ್ತು," ಅಂದಳು ಅತ್ತಿ.

ಮನೆಗೆ ಬಂದು ತಂಗಿಗೆ ಎಲ್ಲ ಒಪ್ಪಿಸಿದಳು, ಬಿಳಿಚಿದ ಮುಖ, ಹುಲಗೂರಿಗೆ ಮಾಡಿದ ಫೋನು, ಕುಡಿಯದೆ ಬಿಟ್ಟ ಚಹಾ. ತಂಗಿ ಕೇಳಿ, "ನಂಗ ಅಂವ ಆಗಬಹುದು," ಅಂದಳು. ಅಪ್ಪ ಎರಡು ದಿನ ಗೊಣಗಿದ. ಎಕರೆಗಟ್ಟಲೆ ನೀರಾವರಿ ಹೊಲ ಕೈಬಿಟ್ಟ ದುಃಖ ಅವನಿಗೆ ಸುಮ್ಮನೆ ಹೋಗುವಂಥದ್ದಲ್ಲ. ಕೊನೆಗೆ, ವೈಂಡಿಂಗ್ ಅಂದರೂ ಕಸುಬು ಕಸುಬೇ ಎಂದು ತಾನೇ ಸಮಾಧಾನ ಮಾಡಿಕೊಂಡ. ನಾವು ಒಪ್ಪಿದ್ದೇವೆ ಎಂದು ತಿಳಿಸುವ ಮೊದಲೇ, ಮುಂದಿನ ಭಾನುವಾರ ಬೆಳಿಗ್ಗೆ, ಹುಡುಗನ ಸೋದರಮಾವನ ಫೋನು ಬಂತು. ಬಹಳ ವಿನಯದ ಮನುಷ್ಯ. ಹವಾ ವಿಚಾರಿಸಿ, ಬೆಳೆ ವಿಚಾರಿಸಿ, ಕೊನೆಗೆ ಹೇಳಿದರಂತೆ, ಕೂಡಾವಳಿ ಆಗಲಿಲ್ರಿ ಎಂದು.

ಅಪ್ಪ ಆಯಿತು ಎಂದು ಫೋನಿಟ್ಟ. ಅಂಥ ಮಾತಿಗೆ ಬೇರೆ ಉತ್ತರವಿಲ್ಲ.

ತಂಗಿ ಅಳಲಿಲ್ಲ. ಅಡುಗೆ ಮನೆಯಲ್ಲಿ ಪಾತ್ರೆ ಬೆಳಗುತ್ತ ಕೂತಳು, ತೊಳೆದಿಟ್ಟ ಪಾತ್ರೆಗಳನ್ನೇ. ನಾನು ಹತ್ತಿರ ಹೋದಾಗ ತಲೆ ಎತ್ತದೆ ಕೇಳಿದಳು, "ಅವತ್ತ ನಾ ಭಾಳ ಜೋರಾಗಿ ನಕ್ಕೆನೇನ? ಹುಡಿಗ್ಯಾರು ಹಂಗ ನಗಬಾರದಿತ್ತೇನ?"

ಅತ್ತಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಅಷ್ಟು ಕೆಂಪಾದದ್ದನ್ನು ನಾನು ಕಂಡಿರಲಿಲ್ಲ. ಕಾಲು ತೊಳೆದು, ಸೀರೆ ಬದಲಿಸಿ, ನನ್ನ ಕಡೆ ನೋಡಿ, "ನಡಿ," ಅಂದಳು. ಅಪ್ಪ ಎಲ್ಲಿಗೆ ಎಂದ. ಅವಳು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಹುಡುಗ ಒಂದು ಮೋಟರಿನ ಸುಟ್ಟ ತಂತಿ ಕೀಳುತ್ತಿದ್ದ. ಈ ಸಲ ಅತ್ತಿ ಸ್ಟೂಲಿನ ಮೇಲೆ ಕೂರಲಿಲ್ಲ.

"ಯಾಕ?" ಅಂದಳು.

"ಕೂಡಾವಳಿ..." ಎಂದು ಅವನು ಶುರು ಮಾಡಿದ.

"ಯಾರು ನೋಡಿದ್ರು? ಹೆಸರ ಹೇಳು. ಹೋಗಿ ಕೇಳ್ಕೊಂಡು ಬರ್ತೇನಿ."

ಅವನು ತಂತಿ ಕೀಳುತ್ತಿದ್ದ ಪಕ್ಕಡ್ ಕೆಳಗಿಟ್ಟ. ಅಂಗಡಿ ಮುಂದೆ ಒಂದು ಟ್ರಾಕ್ಟರ್ ಹೋಯಿತು. ಅದು ಹೋಗಿ ಸದ್ದು ಮುಗಿಯುವವರೆಗೂ ಅತ್ತಿ ಅವನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಹಿಂದ ಬಂದ ಸಂಬಂಧದಾವ್ರು ವೈಂಡಿಂಗ್ ಅಂದಕೂಡ್ಲೆ ಎದ್ದು ಹೋಗ್ತಿದ್ರು," ಅಂದ. "ಅದಕ್ಕಂತನ ಆ ಟೋಕನ್ ತಗೊಂಡಿದ್ದೆ. ಈಗ ಅದೂ ಇಲ್ಲ. ಬರೇ ಅಂಗಡಿ ಇದ್ದಾವ್ಗ ಓದಿದ ಹುಡುಗಿನ ಯಾಕ ಕೊಡ್ತೀರಿ ನೀವು? ನೀವು ಬ್ಯಾಡ ಅನ್ನೂದರ ಮೊದಲ ನಾನ ಅಂದು ಬಿಡೂಣು ಅಂತ ಮಾವಗ ಹೇಳಿದೆ."

"ಆಕಿ ನಕ್ಕದ್ದಕ್ಕ ಅಲ್ಲ?"

ಅವನಿಗೆ ಅರ್ಥವಾಗಲಿಲ್ಲ. "ನಕ್ಕದ್ದು ನನಗ ಭಾಳ ಚಲೋ ಅನಿಸಿತ್ರಿ," ಅಂದ.

"ಇಷ್ಟ?"

"ಇಷ್ಟರಿ."

ಅತ್ತಿ ಆಗ ಸ್ಟೂಲಿನ ಮೇಲೆ ಕೂತಳು. ಕೂತಳು ಅನ್ನುವುದಕ್ಕಿಂತ ಕುಸಿದಳು. ನೀರು ತರಲು ಹುಡುಗ ಓಡಿದ.

ಮದುವೆ ಆಯಿತು. ತಂಗಿ ಈಗ ಶಿಗ್ಗಾವಿಯಲ್ಲಿದ್ದಾಳೆ, ಅಲ್ಲಿಂದಲೇ ಸವಣೂರಿನ ಶಾಲೆಗೆ ಹೋಗಿ ಬರುತ್ತಾಳೆ. ಅಂಗಡಿಯಲ್ಲಿ ಈಗ ಕೆಲಸಕ್ಕೆ ಇಬ್ಬರಿದ್ದಾರೆ. ಅಪ್ಪ ಅಳಿಯನ ಕಸುಬನ್ನು ಕಂಡಕಂಡವರಿಗೆ ವಿವರಿಸುತ್ತಾನೆ. ಟೋಕನ್ನು ಆ ವ್ಯಾಲೆಟ್ಟಿನಲ್ಲಿ ಇನ್ನೂ ಹಾಗೇ ಬಿದ್ದಿದೆ. ಇದನ್ನೆಲ್ಲ ಬೇಗ ಹೇಳಿಬಿಟ್ಟೆ, ಯಾಕೆಂದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಮದುವೆಯಲ್ಲ, ಅಂದು ಶಿಗ್ಗಾವಿಯಿಂದ ಮರಳಿದ ಬಸ್ಸು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ನಾನು ಖುಷಿಯಲ್ಲಿದ್ದೆ, ತಂಗಿಗೆ ಫೋನು ಮಾಡಿ ಅರ್ಧ ಬಸ್ಸಿಗೆ ಕೇಳುವಂತೆ ಹರಟಿದೆ. ಅತ್ತಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬಂಕಾಪುರ ದಾಟಿ, ಗೋವಿನಜೋಳದ ಹೊಲಗಳು ಶುರುವಾದ ಮೇಲೆ, ಹೊರಗೆ ನೋಡುತ್ತಲೇ ಅಂದಳು, "ಎಷ್ಟ ಸಣ್ಣ ಮಾತಿತ್ತು ನೋಡು."

"ಹೌದು ಅತ್ತಿ. ಹೋಗಿ ಕೇಳಿದ್ದು ಚಲೋ ಆತು."

ಅವಳು ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕಣ್ಣೀರು ತಾನಾಗಿಯೇ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಬೆಳಗಿನಿಂದ ಅವಳು ಯಾರ ಬಾಗಿಲಲ್ಲಿ ನಿಂತು ಯಾಕೆ ಎಂದು ಕೇಳಿದ್ದಳು ಎಂದು ನನಗೆ ಆಗ ಹೊಳೆಯಿತು.

"ಒಬ್ಬಾವ ಇದ್ದ," ಅಂದಳು. "ನನ್ನ ನೋಡಾಕ ಬಂದಾಗ ಭಾಳ ಚಂದ ಮಾತಾಡಿದ್ದ. ಆಮ್ಯಾಲೆ ಅವ್ರೂ ಅದ ಮಾತ ಹೇಳಿ ಕಳಸಿದ್ರು. ಅವರೂರು ದೂರ ಇರಲಿಲ್ಲ. ಮುಂಜಾನೆ ಎದ್ದು ನಡದಿದ್ರ ಊಟದ ಹೊತ್ತಿಗೆ ಮುಟ್ಟತಿದ್ದೆ."